600 ಎಂಎಂಗೆ ಯಾವ ಲೆನ್ಸ್? ಸಿಗ್ಮಾ, ಟ್ಯಾಮ್ರಾನ್ ಸಾಕಾ, ಕ್ಯಾಮೆರಾ ಕಂಪನಿಯದ್ದೇ ಬೇಕಾ?

ಹಕ್ಕಿ ಫೋಟೊ ತೆಗೆಯಲು ಶುರು ಮಾಡಿದವರಿಗೆ 300 ಎಂಎಂ ಲೆನ್ಸ್ ಬಹಳ ಬೇಗ ಸಾಲದಾಗುತ್ತದೆ. ಕೆರೆಯ ಆಚೆ ದಡದಲ್ಲಿ ಕೂತ ಮಿಂಚುಳ್ಳಿ ಫ್ರೇಮ್‌ನಲ್ಲಿ ಬರೀ ಒಂದು ನೀಲಿ ಚುಕ್ಕೆ. ಆಗ 500, 600 ಎಂಎಂ ಲೆನ್ಸ್‌ಗಳ ಹುಡುಕಾಟ ಶುರುವಾಗುತ್ತದೆ. ಒಂದು ಕಡೆ ಸಿಗ್ಮಾ, ಟ್ಯಾಮ್ರಾನ್. ಇನ್ನೊಂದು ಕಡೆ ಕ್ಯಾನನ್, ನಿಕಾನ್, ಸೋನಿ ತಮ್ಮ ಕ್ಯಾಮೆರಾಗಳಿಗೆ ತಾವೇ ಮಾಡುವ ಲೆನ್ಸ್‌ಗಳು. ಬೆಲೆ ನೋಡಿದರೆ ಮೊದಲನೆಯದು ಸಾಕು ಅನಿಸುತ್ತದೆ. ಹೆಸರು ನೋಡಿದರೆ ಎರಡನೆಯದು ಬೇಕು ಅನಿಸುತ್ತದೆ.

ಹೆಚ್ಚಿನವರು ಈ ಪ್ರಶ್ನೆಗೆ ಶಾರ್ಪ್‌ನೆಸ್‌ನಲ್ಲಿ ಉತ್ತರ ಹುಡುಕುತ್ತಾರೆ. ಎರಡು ಫೋಟೊ ಪಕ್ಕಪಕ್ಕ ಇಟ್ಟು, ದೊಡ್ಡದು ಮಾಡಿ, ಗರಿಗಳನ್ನು ಎಣಿಸುತ್ತಾರೆ. ನನಗೆ ಅದು ತಪ್ಪು ಜಾಗದಲ್ಲಿ ಹುಡುಕಿದ ಹಾಗೆ ಕಾಣುತ್ತದೆ. ಇತ್ತೀಚಿನ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳ ಗಾಜು ಚೆನ್ನಾಗಿಯೇ ಇದೆ. ನಿಜವಾದ ವ್ಯತ್ಯಾಸ ಕಾಣುವುದು ಆ ಲೆನ್ಸ್ ನಿಮ್ಮ ಕ್ಯಾಮೆರಾ ಬಾಡಿಯ ಜೊತೆ ಎಷ್ಟು ಹೊಂದಿಕೊಳ್ಳುತ್ತದೆ ಅನ್ನುವಲ್ಲಿ. ಹಾಗಾಗಿ ಉತ್ತರ ಸೋನಿಯವರಿಗೆ ಒಂದು, ಕ್ಯಾನನ್‌ನವರಿಗೆ ಇನ್ನೊಂದು, ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇಟ್ಟುಕೊಂಡವರಿಗೆ ಮತ್ತೊಂದು.

ಬೆಲೆಯ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಕೊಟ್ಟಿರುವ ಡಾಲರ್ ಬೆಲೆಗಳು ಆಯಾ ಲೆನ್ಸ್ ಹೊಸದಾಗಿ ಬಂದಾಗ ಅಮೆರಿಕದಲ್ಲಿ ಇದ್ದವು. ನಮ್ಮಲ್ಲಿ ತೆರಿಗೆ, ಸುಂಕ ಸೇರಿ ರೂಪಾಯಿ ಲೆಕ್ಕ ಬೇರೆಯಾಗುತ್ತದೆ, ಹಬ್ಬದ ಆಫರ್‌ನಲ್ಲಿ ಮತ್ತೆ ಬದಲಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಅಂತ ತಿಳಿಯಲು ಈ ಬೆಲೆಗಳು ಸಾಕು.

ಅಂತರ ಕಡಿಮೆಯಾಗಿದ್ದು ಹೇಗೆ

2013ರ ಕೊನೆಯವರೆಗೂ 600 ಎಂಎಂ ಎಂದರೆ ಸಾಮಾನ್ಯರ ಕೈಗೆ ಸಿಗುವ ಮಾತಾಗಿರಲಿಲ್ಲ. ಆಗ ಟ್ಯಾಮ್ರಾನ್ ತನ್ನ 150-600 ಎಂಎಂ ಎಫ್ 5-6.3 ಲೆನ್ಸ್ ಪ್ರಕಟಿಸಿತು (ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಬೆಲೆ 1,069 ಡಾಲರ್. ಅದೇ ಹೊತ್ತಿಗೆ ನಿಕಾನ್‌ನ ಹೊಸ 80-400 ಲೆನ್ಸ್‌ಗೆ 2,700 ಡಾಲರ್ ಹತ್ತಿರ ಇತ್ತು, ಅದೂ 400ಕ್ಕೇ ನಿಲ್ಲುತ್ತಿತ್ತು. 2014ರಲ್ಲಿ ಸಿಗ್ಮಾ ಒಟ್ಟಿಗೇ ಎರಡು 150-600 ಪ್ರಕಟಿಸಿತು. ಒಂದು 2,860 ಗ್ರಾಂ ತೂಕದ ಗಟ್ಟಿಮುಟ್ಟಾದ ಸ್ಪೋರ್ಟ್ಸ್, ಇನ್ನೊಂದು 1,930 ಗ್ರಾಂನ ಕಂಟೆಂಪರರಿ. ಮರುವರ್ಷವೇ ನಿಕಾನ್ 200-500 ಎಫ್ 5.6 ತಂದಿತು, ಬೆಲೆ 1,400 ಡಾಲರ್ ಆಸುಪಾಸು.

ಇವತ್ತು ಕ್ಯಾಮೆರಾ ಕಂಪನಿಗಳ ಲೆನ್ಸ್ ಕೊಳ್ಳುವವರೂ ಆ ಟ್ಯಾಮ್ರಾನ್‌ಗೆ ಋಣಿಗಳು ಅಂತ ನಾನು ನಂಬಿದ್ದೇನೆ. ಪೈಪೋಟಿ ಇಲ್ಲದಿದ್ದರೆ ಈ ಬೆಲೆಗೆ ಇವು ಬರುತ್ತಿದ್ದವೇ ಅನ್ನುವುದು ಅನುಮಾನ. ಆದರೆ ಇದರಿಂದ ಇನ್ನೊಂದು ಕೆಲಸವೂ ಆಯಿತು. "ಥರ್ಡ್ ಪಾರ್ಟಿ (ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಯ ಲೆನ್ಸ್) ಅಂದರೆ ಅರ್ಧ ಬೆಲೆ" ಎಂಬ ಹಳೆಯ ಲೆಕ್ಕ ಈಗ ಎಲ್ಲ ಕಡೆ ನಡೆಯುವುದಿಲ್ಲ. ಸೋನಿ 200-600ಗೆ 1,998 ಡಾಲರ್, ಅದೇ ಮೌಂಟ್‌ನ (ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ) ಸಿಗ್ಮಾ 150-600ಗೆ 1,499. ಉಳಿತಾಯ ಕಾಲು ಭಾಗ. ಹತ್ತನೇ ಒಂದು ಬೆಲೆ ಎಂಬ ಮಾತು ಬರುವುದು 600 ಎಂಎಂ ಎಫ್ 4 ಪ್ರೈಮ್‌ಗಳ (ಝೂಮ್ ಇಲ್ಲದ ಲೆನ್ಸ್‌ಗಳ) ಜೊತೆ ಹೋಲಿಸಿದಾಗ ಮಾತ್ರ. ಅವು 13,000 ಡಾಲರ್ ಹತ್ತಿರದವು.

ಬೆಳಕಿನ ಲೆಕ್ಕ

ಹಾಗಾದರೆ ಆ 13,000 ಡಾಲರ್ ಯಾತಕ್ಕೆ? ಮುಖ್ಯವಾಗಿ ಬೆಳಕಿಗೆ. 600 ಎಂಎಂ ಅನ್ನು 6.3ರಿಂದ ಭಾಗಿಸಿದರೆ ಸುಮಾರು 95 ಮಿಲಿಮೀಟರ್. 4ರಿಂದ ಭಾಗಿಸಿದರೆ 150. ಬೆಳಕು ಒಳಗೆ ಬರುವ ಬಾಯಿಯ ಅಗಲ ಅದು. ವಿಸ್ತೀರ್ಣ ಲೆಕ್ಕ ಹಾಕಿದರೆ ಎರಡೂವರೆ ಪಟ್ಟು ಜಾಸ್ತಿ ಬೆಳಕು. ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ಮಾಡುವುದು ಕಷ್ಟದ ಕೆಲಸ, ಹಣ ಹೋಗುವುದು ಅಲ್ಲಿ.

ಕಬಿನಿಯ ಸಂಜೆ ಸಫಾರಿ ನೆನಪಿಸಿಕೊಳ್ಳಿ. ಸೂರ್ಯ ಮರಗಳ ಹಿಂದೆ ಇಳಿದಿದ್ದಾನೆ, ಚಿರತೆ ಕೊಂಬೆಯ ನೆರಳಲ್ಲಿ ಮಲಗಿದೆ. ಸೆಕೆಂಡಿನ 250ನೇ ಒಂದು ಭಾಗದ ಶಟರ್ ಸ್ಪೀಡ್‌ಗೆ ಎಫ್ 4 ಲೆನ್ಸ್‌ನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200 ಬೇಕಾದರೆ, ಎಫ್ 6.3 ಲೆನ್ಸ್‌ನಲ್ಲಿ 8000 ಬೇಕು. ಹತ್ತು ವರ್ಷದ ಹಿಂದಿನ ಕ್ರಾಪ್ ಸೆನ್ಸರ್ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಬಾಡಿಯಲ್ಲಿ 8000 ಎಂದರೆ ಫೋಟೊ ತುಂಬಾ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ. ಈಗಿನ ಫುಲ್‌ಫ್ರೇಮ್ ಬಾಡಿಯಲ್ಲಿ ಅದನ್ನು ಸಂಭಾಳಿಸಬಹುದು. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶಕ್ಕೆ 2023ರಲ್ಲಿ ಎಐ ಡಿನಾಯ್ಸ್ ಬಂದ ಮೇಲೆ ಇನ್ನೂ ಸುಲಭವಾಗಿದೆ. ಅದಕ್ಕೇ ಹೇಳುವುದು, ಹಳೆಯ ಬಾಡಿಗೆ ಮತ್ತೂ ದುಬಾರಿ ಲೆನ್ಸ್ ಸೇರಿಸುವ ಮೊದಲು ಬಾಡಿ ಬದಲಾಯಿಸಿದರೆ ಎಷ್ಟಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ.

ಎಫ್ 4ರಲ್ಲಿ ಹಿನ್ನೆಲೆ ಕರಗುವ ರೀತಿಯೇ ಬೇರೆ, ಒಪ್ಪುತ್ತೇನೆ. ಪೊದೆ, ಹುಲ್ಲು, ಕಡ್ಡಿಗಳ ನಡುವಿನ ಹಕ್ಕಿಯನ್ನು ಅದು ಬಿಡಿಸಿ ತೋರಿಸುತ್ತದೆ. ಆದರೆ ತೂಕ ಮೂರು ಕಿಲೋ. ಸಫಾರಿ ಜೀಪಿನಲ್ಲಿ ಟ್ರೈಪಾಡ್ ಬಿಚ್ಚಲು ಜಾಗ ಇರುವುದಿಲ್ಲ. ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಇಡಬೇಕು. ಜೊತೆಗೆ ಅದು ಪ್ರೈಮ್. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳ ಹಿಂಡು ಇಳಿದಾಗ 600 ಎಂಎಂನಲ್ಲಿ ಒಂದು ಆನೆಯ ಮುಖ ಮಾತ್ರ ತುಂಬಿಕೊಳ್ಳುತ್ತದೆ. ಆಗ 150ಕ್ಕೆ ಇಳಿಯಬಲ್ಲ ಝೂಮ್ ಇದ್ದವರು ಇಡೀ ಹಿಂಡನ್ನು ತೆಗೆದುಕೊಂಡು ಹೋಗುತ್ತಾರೆ.

ಇನ್ನು 500 ಸಾಕಾ, 600 ಬೇಕಾ? 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 500ರಲ್ಲಿ ತೆಗೆದ ಫೋಟೊವನ್ನು 600ರ ಅಳತೆಗೆ ಕ್ರಾಪ್ ಮಾಡಿದರೆ ಹದಿನಾರೂವರೆ ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. 400ರಿಂದ ಮಾಡಿದರೆ ಹನ್ನೊಂದಕ್ಕಿಂತ ಕಡಿಮೆ. ಅಂದರೆ 400ರಿಂದ 500ಕ್ಕೆ ಹೋಗುವುದು ದೊಡ್ಡ ಹೆಜ್ಜೆ, 500ರಿಂದ 600 ಅಷ್ಟು ದೊಡ್ಡದಲ್ಲ. ಹಗುರವಾದ ಒಳ್ಳೆಯ 500 ಸಿಕ್ಕರೆ 600ಕ್ಕಾಗಿ ಹಟ ಹಿಡಿಯಬೇಡಿ.

ಸೋನಿ ಇ ಮೌಂಟ್

ನಿಜವಾದ ಆಯ್ಕೆ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಮೂರು ಲೆನ್ಸ್‌ಗಳು ಎದುರಿಗಿವೆ: ಸೋನಿಯ 200-600 ಎಫ್ 5.6-6.3, 2019ರದು. ಸಿಗ್ಮಾದ 150-600 ಡಿಜಿ ಡಿಎನ್ ಸ್ಪೋರ್ಟ್ಸ್, 2021ರದು. ಟ್ಯಾಮ್ರಾನ್‌ನ 150-500 ಎಫ್ 5-6.7, ಅದೂ 2021ರದು, 1,399 ಡಾಲರ್.

ಸೋನಿಯೂ ಸಿಗ್ಮಾವೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ, ಎರಡು ಕಿಲೋ ನೂರು ಗ್ರಾಂ. ಆದರೆ ಸೋನಿ ಇಂಟರ್ನಲ್ ಝೂಮ್. ಝೂಮ್ ಮಾಡಿದಾಗ ಲೆನ್ಸ್ ಉದ್ದವಾಗುವುದಿಲ್ಲ, ತೂಕದ ಸಮತೋಲನ ಬದಲಾಗುವುದಿಲ್ಲ, ರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು. ಬಂಡೀಪುರದ ಬೇಸಿಗೆ ಧೂಳಿನಲ್ಲಿ ಒಳಗೆ ಹೊರಗೆ ಆಡುವ ಕೊಳವೆ ಇಲ್ಲದಿರುವುದೇ ಒಂದು ನೆಮ್ಮದಿ. ಬದಲಿಗೆ ಬ್ಯಾಗ್‌ನಲ್ಲಿ ಅದಕ್ಕೆ ಯಾವಾಗಲೂ 32 ಸೆಂಟಿಮೀಟರ್ ಜಾಗ ಬೇಕು. ಸಿಗ್ಮಾಗೆ ಐದು ಸೆಂಟಿಮೀಟರ್ ಕಡಿಮೆ ಸಾಕು. ಟ್ಯಾಮ್ರಾನ್ ಮಡಚಿದಾಗ 21 ಸೆಂಟಿಮೀಟರ್, ಟ್ರೈಪಾಡ್‌ಗೆ ಕೂರಿಸುವ ಕಾಲರ್ ಬಿಟ್ಟು 1,725 ಗ್ರಾಂ. ಬಸ್ಸಿನಲ್ಲಿ, ಬೈಕಿನಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹತ್ತಿರದ ಫೋಕಸ್‌ನಲ್ಲಿ ಥರ್ಡ್ ಪಾರ್ಟಿ ಲೆನ್ಸ್‌ಗಳು ಸ್ಪಷ್ಟವಾಗಿ ಗೆಲ್ಲುತ್ತವೆ. ಸೋನಿಗೆ ಕನಿಷ್ಠ 2.4 ಮೀಟರ್ ದೂರ ಬೇಕು. ಸಿಗ್ಮಾ 180 ಎಂಎಂನಲ್ಲಿ 58 ಸೆಂಟಿಮೀಟರ್‌ವರೆಗೆ, ಟ್ಯಾಮ್ರಾನ್ 150ರಲ್ಲಿ 60 ಸೆಂಟಿಮೀಟರ್‌ವರೆಗೆ ಬರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಹಕ್ಕಿ ಹುಡುಕುತ್ತಾ ಹೋದವರ ಮುಂದೆ ಕಪ್ಪೆ, ಚಿಟ್ಟೆ, ಓತಿ ಕೂತಿರುತ್ತವೆ. ಲೆನ್ಸ್ ಬದಲಾಯಿಸದೆ ಅವನ್ನೂ ತೆಗೆಯಬಹುದು.

ಈಗ ಬಾಡಿಯ ಜೊತೆಗಿನ ಹೊಂದಾಣಿಕೆಗೆ ಬರೋಣ. ಎರಡು ನಿರ್ಬಂಧಗಳಿವೆ. ಒಂದು, ಇ ಮೌಂಟ್‌ನಲ್ಲಿ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳಿಗೆ ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿಯ ನಡುವೆ ಕೂರಿಸಿ ಎಂಎಂ ಹೆಚ್ಚಿಸುವ ಭಾಗ) ಹಾಕಲು ಆಗುವುದಿಲ್ಲ. ಸೋನಿ 200-600ಗೆ 1.4 ಕನ್ವರ್ಟರ್ ಹಾಕಿದರೆ 840 ಎಂಎಂ ಎಫ್ 9 ಆಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಂತೆ ದೂರದಲ್ಲೇ ಉಳಿಯುವ ಹಕ್ಕಿಗಳಿಗೆ ಅದು ಆಸೆ ಹುಟ್ಟಿಸುತ್ತದೆ. ಆದರೆ ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿಯೇ ಕಾದು ನಡುಗಲು ಶುರುವಾಗುತ್ತದೆ. ಆಗ ಯಾವ ಲೆನ್ಸ್, ಯಾವ ಕನ್ವರ್ಟರ್ ಹಾಕಿದರೂ ಗರಿ ಸ್ಪಷ್ಟವಾಗಿ ಬರುವುದಿಲ್ಲ.

ಎರಡನೆಯದು ವೇಗ. ಸೋನಿಯ ಎ1 ಸೆಕೆಂಡಿಗೆ 30 ಫೋಟೊ ತೆಗೆಯುತ್ತದೆ, ಎ9 ಮಾರ್ಕ್ 3 ಸೆಕೆಂಡಿಗೆ 120. ಥರ್ಡ್ ಪಾರ್ಟಿ ಲೆನ್ಸ್ ಹಾಕಿದರೆ ಅದು 15ಕ್ಕೆ ನಿಲ್ಲುತ್ತದೆ. ಎ1 ಕೊಂಡವರಿಗೆ ಇದು ನಿಜವಾದ ನಷ್ಟ. ಆದರೆ ನಿಮ್ಮ ಬಳಿ ಇರುವುದು ಎ7 ಮಾರ್ಕ್ 3 ಅಥವಾ ಮಾರ್ಕ್ 4 ಆದರೆ ಆ ಬಾಡಿಯ ಗರಿಷ್ಠ ವೇಗವೇ ಹತ್ತು. ಇಲ್ಲದ ವೇಗವನ್ನು ಕಳೆದುಕೊಳ್ಳುವುದು ಹೇಗೆ?

ನನ್ನ ಆಯ್ಕೆ ಹೀಗೆ. ಹಾರುವ ಹಕ್ಕಿಗಳೇ ಮುಖ್ಯ, ಭದ್ರಾ ಹಿನ್ನೀರಿನ ರೀವಗಳು ಮೀನಿಗೆ ಧುಮುಕುವುದನ್ನು ಹಿಡಿಯಬೇಕು ಅನ್ನುವವರು ಸೋನಿ 200-600 ತೆಗೆದುಕೊಳ್ಳಲಿ. ಉಳಿದವರಿಗೆ ಸಿಗ್ಮಾ ಧಾರಾಳವಾಗಿ ಸಾಕು. ಹೆಗಲು ನೋವಿರುವವರು, ನಡೆದೇ ಹಕ್ಕಿ ನೋಡುವವರು ಟ್ಯಾಮ್ರಾನ್ ಕೈಯಲ್ಲಿ ಹಿಡಿದು ನೋಡಲೇಬೇಕು. ಸಿಗ್ಮಾದ್ದೇ 500 ಎಂಎಂ ಎಫ್ 5.6 ಪ್ರೈಮ್ 2024ರಲ್ಲಿ ಬಂದಿದೆ. 1,400 ಗ್ರಾಂ ಒಳಗೆ ಒಂದು 500 ಪ್ರೈಮ್! ಝೂಮ್ ಬೇಡ ಅನ್ನುವವರಿಗೆ ಅಷ್ಟು ಹಗುರದಲ್ಲಿ ಸೋನಿಯದ್ದೇ ಆದ 500 ಇಲ್ಲ.

ನಿಕಾನ್ ಝಡ್

ಇಲ್ಲಿ ನಾನು ಹೆಚ್ಚು ಯೋಚಿಸುವುದಿಲ್ಲ. ನಿಕಾನ್ 180-600 ಎಫ್ 5.6-6.3 ಲೆನ್ಸ್ 2023ರಲ್ಲಿ 1,700 ಡಾಲರ್ ಹತ್ತಿರದ ಬೆಲೆಗೆ ಬಂತು. ಇಂಟರ್ನಲ್ ಝೂಮ್, ಕಾಲರ್ ಬಿಟ್ಟು 1,955 ಗ್ರಾಂ, ನಿಕಾನ್ ಕನ್ವರ್ಟರ್‌ಗಳೂ ಹಾಕಬಹುದು. ಬೇರೆ ಕಡೆ ಥರ್ಡ್ ಪಾರ್ಟಿ ಕಂಪನಿ ಮಾಡುವ ಕೆಲಸವನ್ನು ಇಲ್ಲಿ ನಿಕಾನ್ ತಾನೇ ಮಾಡಿದೆ. ಟ್ಯಾಮ್ರಾನ್ 150-500 ಝಡ್ ಮೌಂಟ್‌ಗೂ ಇದೆ. ಚಿಕ್ಕ ಗಾತ್ರ, ಹತ್ತಿರದ ಫೋಕಸ್ ಬೇಕಾದವರಿಗೆ ಅದು ಸರಿ. ಸಿಗ್ಮಾದ 150-600 ಝಡ್ ಮೌಂಟ್‌ನಲ್ಲಿ ಇಲ್ಲ.

ಹಣ ಜಾಸ್ತಿ ಇದ್ದು ಎಫ್ 4 ಬೇಡ ಅನ್ನುವವರಿಗೆ ನಿಕಾನ್ 600 ಎಂಎಂ ಎಫ್ 6.3 ಪಿಎಫ್ ಇದೆ. ಕಾಲರ್ ಸೇರಿ 1,470 ಗ್ರಾಂ, 4,800 ಡಾಲರ್. ಬೆಳಕಿನ ಲೆಕ್ಕದಲ್ಲಿ 180-600ಗಿಂತ ಒಂದಿಷ್ಟೂ ಹೆಚ್ಚಿಲ್ಲ. ನೀವು ದುಡ್ಡು ಕೊಡುವುದು ಕಡಿಮೆಯಾದ ತೂಕಕ್ಕೆ, ಫೋಕಸ್‌ನ ಚುರುಕಿಗೆ. ದಿನವಿಡೀ ಕೈಯಲ್ಲೇ ಹಿಡಿದು ತೆಗೆಯುವವರಿಗೆ ಅದು ದುಬಾರಿ ಅಲ್ಲ ಅಂತ ನನಗನಿಸುತ್ತದೆ.

ಕ್ಯಾನನ್ ಆರ್‌ಎಫ್

ಇಲ್ಲಿ ಕಷ್ಟ ಬೇರೆ. ಆರ್‌ಎಫ್ ಮೌಂಟ್‌ನಲ್ಲಿ ಕ್ರಾಪ್ ಸೆನ್ಸರ್‌ನ ಕೆಲವು ಚಿಕ್ಕ ಲೆನ್ಸ್‌ಗಳಿಗೆ ಮಾತ್ರ ಕ್ಯಾನನ್ 2024ರಿಂದ ಸಿಗ್ಮಾ, ಟ್ಯಾಮ್ರಾನ್‌ಗೆ ಬಾಗಿಲು ತೆರೆದಿದೆ. 150-600ರಂಥ ಲೆನ್ಸ್ ನೇರವಾಗಿ ಆರ್‌ಎಫ್‌ಗೆ ಸಿಗುವುದಿಲ್ಲ. ಹಳೆಯ ಇಎಫ್ ಮೌಂಟ್‌ನ ಸಿಗ್ಮಾ ಅಥವಾ ಟ್ಯಾಮ್ರಾನ್ ಜಿ2 (ಅದರ 150-600ರ ಎರಡನೇ ಆವೃತ್ತಿ) ತಂದು, ಕ್ಯಾನನ್ ಅಡಾಪ್ಟರ್ ಹಾಕಿ ಬಳಸಬೇಕು. ಕೆಲಸ ಮಾಡುತ್ತದೆ. ಆದರೆ ಈ ಲೆನ್ಸ್‌ಗಳು ಬಂದಾಗ ಈ ಬಾಡಿಗಳೇ ಇರಲಿಲ್ಲ. ಕೆಲವು ಜೋಡಿಗಳಲ್ಲಿ ಫೋಕಸ್ ಹಿಡಿದ ಮೇಲೂ ಹಿಂದೆ ಮುಂದೆ ಆಡುತ್ತಿರುತ್ತದೆ. ನಿಮ್ಮದೇ ಕ್ಯಾಮೆರಾಗೆ ಹಾಕಿ, ಹಾರುವ ಹಕ್ಕಿಯ ಮೇಲೆ ಪರೀಕ್ಷಿಸದೆ ದುಡ್ಡು ಕೊಡಬೇಡಿ.

ಕ್ಯಾನನ್‌ನದ್ದೇ ಲೆನ್ಸ್‌ಗಳಲ್ಲಿ 100-500 ಎಫ್ 4.5-7.1 ಬಹಳ ಇಷ್ಟವಾಗುವ ಲೆನ್ಸ್. 1,400 ಗ್ರಾಂ ಒಳಗೇ ಇದೆ, ಆದರೆ 2,699 ಡಾಲರ್. ಕನ್ವರ್ಟರ್ ಹಾಕಿದರೆ 300ಕ್ಕಿಂತ ಕೆಳಗೆ ಝೂಮ್ ಇಳಿಸಲು ಆಗುವುದಿಲ್ಲ ಎಂಬ ಕಿರಿಕಿರಿ ಇದೆ. 2023ರ 200-800 ಎಫ್ 6.3-9 ಲೆನ್ಸ್ 1,899 ಡಾಲರ್, ಎರಡು ಕಿಲೋ. 800 ಎಂಎಂ ಎಂದರೆ ದೊಡ್ಡ ಮಾತೇ. ಆದರೆ ಎಫ್ 9 ಬೆಳಗಿನ ಒಳ್ಳೆಯ ಬೆಳಕಿಗೆ, ತೆರೆದ ಕೆರೆಗೆ. ದಾಂಡೇಲಿಯ ದಟ್ಟ ಕಾಡಲ್ಲಿ ಮಂಗಟ್ಟೆ ಹಕ್ಕಿಯನ್ನು ಎಲೆಗಳ ಕತ್ತಲಲ್ಲಿ ತೆಗೆಯಲು ಹೊರಟವರಿಗೆ ಅದು ಕಷ್ಟ ಕೊಡುತ್ತದೆ. ಕ್ಯಾನನ್ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಇರುವವರಿಗೆ ನನ್ನ ಸಲಹೆ: ಸ್ವಲ್ಪ ಕಾದರೂ ಪರವಾಗಿಲ್ಲ, ಕ್ಯಾನನ್‌ನದ್ದೇ ಕೊಳ್ಳಿ. ಇಎಫ್ 100-400ರ ಎರಡನೇ ಆವೃತ್ತಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಅಡಾಪ್ಟರ್ ಜೊತೆಗೂ ಅದು ಚೆನ್ನಾಗಿ ನಡೆಯುತ್ತದೆ.

ಪ್ಯಾನಾಸೋನಿಕ್, ಲೈಕಾ ಎಲ್ ಮೌಂಟ್‌ನವರಿಗೆ ಗೊಂದಲವೇ ಬೇಡ. ಎಲ್ ಮೌಂಟ್ ಬಳಸುವ ಕಂಪನಿಗಳ ಕೂಟದಲ್ಲಿ ಸಿಗ್ಮಾ ಕೂಡ ಸದಸ್ಯ, ಅದರ ಕನ್ವರ್ಟರ್‌ಗಳೂ ಕೆಲಸ ಮಾಡುತ್ತವೆ.

ಡಿಎಸ್‌ಎಲ್‌ಆರ್ ಇನ್ನೂ ಕೈಯಲ್ಲಿದ್ದರೆ

ನಮ್ಮಲ್ಲಿ ಡಿ7200, ಡಿ500, 7ಡಿ ಮಾರ್ಕ್ 2, 80ಡಿ ಇಟ್ಟುಕೊಂಡವರು ಇನ್ನೂ ಬಹಳ ಮಂದಿ. ಅವರಿಗೆ ಥರ್ಡ್ ಪಾರ್ಟಿ ಲೆನ್ಸ್‌ಗಳಷ್ಟು ಲಾಭದ ವ್ಯವಹಾರ ಬೇರೆ ಇಲ್ಲ. ಜನ ಮಿರರ್‌ಲೆಸ್‌ಗೆ ಹೋಗುತ್ತಾ ಸಿಗ್ಮಾ ಕಂಟೆಂಪರರಿ, ಟ್ಯಾಮ್ರಾನ್ ಜಿ2 ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ಕ್ರಾಪ್ ಸೆನ್ಸರ್‌ನಲ್ಲಿ 600 ಎಂಎಂ ನಿಕಾನ್‌ಗೆ 900ರಂತೆ, ಕ್ಯಾನನ್‌ಗೆ 960ರಂತೆ ಕಾಣುತ್ತದೆ. ಟ್ಯಾಮ್ರಾನ್‌ನ ಮೊದಲ ಆವೃತ್ತಿಗಿಂತ 2016ರ ಜಿ2 ಹುಡುಕಿ. ಮೊದಲನೆಯದು 600ರಲ್ಲಿ ಎಫ್ 8ಕ್ಕೆ ಇಳಿಸದಿದ್ದರೆ ಫೋಟೊ ಸ್ವಲ್ಪ ಮಸುಕಾಗಿ ಬರುತ್ತದೆ.

ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಸ್ವಲ್ಪ ಮುಂದೆ ಅಥವಾ ಹಿಂದೆ ಬೀಳುವ ತೊಂದರೆ ಇದೆ. "ಸಿಗ್ಮಾ ಶಾರ್ಪ್ ಇಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿದವು. ಸಿಗ್ಮಾದ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಟ್ಯಾಪ್-ಇನ್ ಕನ್ಸೋಲ್ ಕೊಂಡರೆ ಮನೆಯಲ್ಲೇ ಸರಿಪಡಿಸಬಹುದು. ಸಿಗ್ಮಾ ಡಾಕ್‌ನಲ್ಲಿ ನಾಲ್ಕು ಫೋಕಲ್ ಲೆಂತ್, ಪ್ರತಿಯೊಂದಕ್ಕೂ ನಾಲ್ಕು ದೂರ, ಒಟ್ಟು 16 ಕಡೆ ತಿದ್ದಬಹುದು. ತಾಳ್ಮೆ ಬೇಕು, ಆದರೆ ಫಲ ಸಿಗುತ್ತದೆ. ಬಾಡಿಯಲ್ಲೇ ತಿದ್ದುವ ಸೌಲಭ್ಯ ಇಲ್ಲದ ಆರಂಭಿಕ ಕ್ಯಾಮೆರಾಗಳವರಿಗಂತೂ ಇದೊಂದೇ ದಾರಿ.

ನಿಕಾನ್‌ನವರಿಗೆ 200-500 ಎಫ್ 5.6 ಕೂಡ ಒಳ್ಳೆಯದೇ. 500ರಲ್ಲೂ ಎಫ್ 5.6 ಉಳಿಯುತ್ತದೆ, ಎಫ್ 8ರಲ್ಲಿ ಫೋಕಸ್ ಮಾಡಬಲ್ಲ ಬಾಡಿಗಳಲ್ಲಿ 1.4 ಕನ್ವರ್ಟರ್ ಕೂಡ ನಡೆಯುತ್ತದೆ. ಎಫ್ 6.3 ಲೆನ್ಸ್‌ಗೆ ಕನ್ವರ್ಟರ್ ಹಾಕಿದರೆ ಎಫ್ 9 ಆಗಿ ಡಿಎಸ್‌ಎಲ್‌ಆರ್ ಫೋಕಸ್ ತಡಕಾಡುತ್ತದೆ. ತೂಕ ಮಾತ್ರ 2,300 ಗ್ರಾಂ. ಮುಂದೆ ಝಡ್ ಬಾಡಿಗೆ ಹೋಗುವ ಯೋಚನೆ ಇದ್ದರೆ ಎಫ್‌ಟಿಝಡ್ ಅಡಾಪ್ಟರ್ ಜೊತೆ ಇದು ತಲೆನೋವಿಲ್ಲದೆ ಬರುತ್ತದೆ. ಥರ್ಡ್ ಪಾರ್ಟಿ ಲೆನ್ಸ್ ಆದರೆ ಫರ್ಮ್‌ವೇರ್ ಹೊಸದಾಗಿದೆಯಾ, ನಿಮ್ಮ ಹೊಸ ಬಾಡಿಗೆ ನಡೆಯುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು.

ಕೊಳ್ಳುವ ಮೊದಲು

ಬೆಂಗಳೂರು, ಮೈಸೂರಿನಲ್ಲಿ ಇಂಥ ಲೆನ್ಸ್‌ಗಳು ಬಾಡಿಗೆಗೆ ಸಿಗುತ್ತವೆ. ಒಂದು ವಾರಾಂತ್ಯಕ್ಕೆ ತೆಗೆದುಕೊಳ್ಳಿ. ರಂಗನತಿಟ್ಟಿಗೆ ಮಾತ್ರ ಹೋಗಬೇಡಿ, ಅಲ್ಲಿ ದೋಣಿಯಿಂದ ಹೆಜ್ಜಾರ್ಲೆಗಳು ಎಷ್ಟು ಹತ್ತಿರ ಅಂದರೆ 300 ಎಂಎಂ ಕೂಡ ಸಾಕು. ನಿಮ್ಮೂರ ಕೆರೆಗೇ ಹೋಗಿ. ಬೆಳಿಗ್ಗೆ ಬೇಗ, ಬಿಸಿಲೇರುವ ಮೊದಲು. ಕೂತ ಹಕ್ಕಿಯನ್ನು ಎಲ್ಲ ಲೆನ್ಸ್‌ಗಳೂ ಚೆನ್ನಾಗಿ ತೆಗೆಯುತ್ತವೆ. ಪೊದೆಯ ಮುಂದೆ ಹಾರುವ ಕಳ್ಳಿಪೀರವನ್ನು ಹಿಂಬಾಲಿಸಿ ನೋಡಿ. ಫೋಕಸ್ ಹಕ್ಕಿಯನ್ನು ಬಿಟ್ಟು ಪೊದೆಗೆ ಹೋದರೆ ಎಷ್ಟು ಬೇಗ ಮರಳಿ ಬರುತ್ತದೆ ಅನ್ನುವುದನ್ನು ಗಮನಿಸಿ. ಅರಣ್ಯ ಇಲಾಖೆಯ ಕೆಲವು ಜಾಗಗಳಲ್ಲಿ ಲೆನ್ಸ್ ಎಷ್ಟು ಎಂಎಂ ಅಂತ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ. ಆ ಖರ್ಚೂ ಲೆಕ್ಕದಲ್ಲಿರಲಿ.

ಹೊಸದು ಕೊಳ್ಳುವಾಗ ಭಾರತದ ಅಧಿಕೃತ ವಾರಂಟಿ ಕಾರ್ಡ್ ಮತ್ತು ಜಿಎಸ್‌ಟಿ ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ಗ್ರೇ ಮಾರ್ಕೆಟ್‌ನಲ್ಲಿ ಉಳಿಸಿದ ಹಣ ಮೊದಲ ರಿಪೇರಿಯಲ್ಲೇ ಹೋಗಬಹುದು. ಕೆಟ್ಟರೆ ಲೆನ್ಸ್ ಯಾವ ಊರಿಗೆ ಹೋಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಅಂತ ಅಂಗಡಿಯವರನ್ನೇ ಕೇಳಿ. ಮರುಮಾರಾಟದಲ್ಲಿ ಕ್ಯಾಮೆರಾ ಕಂಪನಿಯ ಲೆನ್ಸ್‌ಗಳು ಸಾಮಾನ್ಯವಾಗಿ ಬೆಲೆ ಉಳಿಸಿಕೊಳ್ಳುತ್ತವೆ. ಮೂರ್ನಾಲ್ಕು ವರ್ಷಕ್ಕೆ ಮಾರುವ ಅಭ್ಯಾಸ ಇರುವವರಿಗೆ ಮೊದಲು ಕಂಡ ಬೆಲೆ ವ್ಯತ್ಯಾಸ ಇದರಿಂದ ಒಂದಿಷ್ಟು ಕಡಿಮೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ತೆಗೆದುಕೊಂಡು ಹೋಗಿ. ಹಿಂದಿನಿಂದ ಬೆಳಕು ಬಿಟ್ಟು ಒಳಗೆ ನೋಡಿ. ಬೂದು ಬಣ್ಣದ ಜೇಡರ ಬಲೆಯಂಥ ಗೆರೆ ಕಂಡರೆ ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕರಾವಳಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್‌ಗಳಲ್ಲಿ ಇದನ್ನು ಎರಡು ಸಲ ನೋಡಿ. ಒಂದಿಷ್ಟು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ. ಝೂಮ್ ಪೂರ್ತಿ ಉದ್ದ ಮಾಡಿ ಮುಂಭಾಗವನ್ನು ಮೆಲ್ಲಗೆ ಅಲ್ಲಾಡಿಸಿ, ಸಡಿಲವಾಗಿದೆಯಾ ನೋಡಿ. ಸ್ಟೆಬಿಲೈಸೇಶನ್ ಆನ್ ಮಾಡಿ ಕಿವಿಗೊಡಿ, ಸಣ್ಣ ಗುಂಯ್ ಸದ್ದು ಸಹಜ, ಕಟಕಟ ಸದ್ದು ಸಹಜವಲ್ಲ. ನಂತರ ಹತ್ತಿಪ್ಪತ್ತು ಮೀಟರ್ ದೂರದ ಬೋರ್ಡ್ ಒಂದನ್ನು 600ರಲ್ಲಿ, ಟ್ರೈಪಾಡ್ ಮೇಲೆ, ಎಫ್ 6.3 ಮತ್ತು ಎಫ್ 8ರಲ್ಲಿ ತೆಗೆಯಿರಿ. ಎಡ ಬಲ ಅಂಚುಗಳಲ್ಲಿ ಅಕ್ಷರಗಳು ಒಂದೇ ಥರ ಕಾಣಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದಿರಬಹುದು ಅಥವಾ ಒಳಗಿನ ಗಾಜು ಓರೆಯಾಗಿರಬಹುದು. ಮಾರುವವರು ಏನೇ ಹೇಳಿದರೂ ಬೇರೆಯದು ಹುಡುಕಿ.